ಹೊಸ ಆಲ್ಬಂಗೆ ಯಾವ ಅಳತೆಗೋಲು? ಕುರ್ಲಾದಿಂದ ನೋಡಿದಾಗ

ಮುಂಬಯಿಯ ಕುರ್ಲಾ ಪೂರ್ವದ ಬಂಟರ ಭವನದಲ್ಲಿ ಯಕ್ಷಗಾನ, ತುಳು ನಾಟಕ, ಭಜನೆ ನಡೆಯುತ್ತವೆ. ರೈಲು ಹಳಿ ದಾಟಿ ಪಶ್ಚಿಮಕ್ಕೆ ಹೋದರೆ ಅದು 400070 ಪಿನ್ ಕೋಡಿನ ಪ್ರದೇಶ. ಅಲ್ಲಿನ ಗಲ್ಲಿಯ ಹುಡುಗ ನವೇದ್ ಶೇಖ್ ‘ನೇಝಿ’ ಎಂಬ ಹೆಸರಿಟ್ಟುಕೊಂಡು ರ‍್ಯಾಪ್ ಹಾಡಿದ, 2014ರಲ್ಲಿ ‘ಆಫತ್’ ಎಂಬ ಒಂದೇ ವೀಡಿಯೊದಿಂದ ಊರಿಗೆಲ್ಲ ಗೊತ್ತಾದ. ಈಶಾನ್ಯಕ್ಕೆ ಸ್ವಲ್ಪ ದೂರ ಹೋದರೆ ಘಾಟ್‌ಕೋಪರಿನ ರಮಾಬಾಯಿ ಅಂಬೇಡ್ಕರ್ ನಗರ. ಅದು ಅಂಬೇಡ್ಕರರನ್ನು ಹಾಡುವ ಭೀಮಗೀತೆಗಳ ನೆಲ. ಇವುಗಳ ನಡುವೆ ಫೀನಿಕ್ಸ್ ಮಾಲಿನಲ್ಲಿ, ರಿಕ್ಷಾಗಳಲ್ಲಿ, ಉಡುಪಿ ಹೋಟೆಲುಗಳಲ್ಲಿ ಹಿಂದಿ ಸಿನಿಮಾ ಹಾಡು ಕೇಳಿಸುತ್ತಲೇ ಇರುತ್ತದೆ. ಈ ಎಲ್ಲ ಬಗೆಗಳಲ್ಲೂ ಹೊಸ ಆಲ್ಬಂಗಳು ಬರುತ್ತಿವೆ. ಒಂದು ಪತ್ರಿಕೆ ‘ಈ ತಿಂಗಳ ಹೊಸ ಆಲ್ಬಂಗಳು’ ಎಂಬ ಅಂಕಣ ತೆರೆದು ಒಬ್ಬರ ಕೈಗೆ ಒಪ್ಪಿಸಿದರೆ ಅವರು ಇವನ್ನೆಲ್ಲ ಒಂದೇ ಪುಟದಲ್ಲಿ ಹೇಗೆ ನೋಡಬೇಕು? ಹಿಂದೂಸ್ತಾನಿ ಗಾಯನದ ಖಯಾಲನ್ನು ಅಳೆಯುವ ಕೋಲಿನಿಂದ ರ‍್ಯಾಪನ್ನು ಅಳೆಯಬಹುದೇ? ಅಳೆಯಬಾರದು ಎಂದರೆ ಎರಡನ್ನೂ ಒಂದೇ ಪುಟದಲ್ಲಿ ಇಡುವುದಕ್ಕೆ ಅರ್ಥವೇನು?

ಈ ಪ್ರಶ್ನೆಗೆ ನೂರು ವರ್ಷದ ಚರಿತ್ರೆ ಇದೆ. ಉತ್ತರಗಳೂ ಹಲವು. ಕನ್ನಡದಲ್ಲಿ ಈ ಚರ್ಚೆ ಕಡಿಮೆ ನಡೆದಿದೆ. ನಡೆಸುವುದಕ್ಕೆ ಬೇಕಾದ ಸಾಮಗ್ರಿ ಮಾತ್ರ ನಮ್ಮಲ್ಲಿ ಹೇರಳವಾಗಿದೆ ಎಂಬುದು ನನ್ನ ನಂಬಿಕೆ.

ಮೂರು ನಿಮಿಷದಿಂದ ಮುಗಿಯದ ಪಟ್ಟಿಯವರೆಗೆ

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ ಒಂದು ತಟ್ಟೆಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಸಂಗೀತ. ಗಂಟೆಗಟ್ಟಲೆ ಹಾಡುವ ರಾಗವನ್ನು ಆ ಮೂರು ನಿಮಿಷಕ್ಕೆ ಇಳಿಸುವುದೇ ಒಂದು ಕಲೆಯಾಯಿತು. 1930ರ ದಶಕದಲ್ಲಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಎಚ್.ಎಂ.ವಿ.ಗೆ ಹಾಡಿದಾಗ ಕಂಪನಿ ಅವರ ಹೆಸರನ್ನು ‘ಗಾಂಧಾರಿ’ ಎಂದು ಬದಲಿಸಿ ತಟ್ಟೆಯ ಮೇಲೆ ಅಚ್ಚು ಹಾಕಿತು. ಭೀಮಸೇನ ಜೋಶಿಯವರ ಮೊದಲ ಮುದ್ರಿಕೆ 1942ರದು. ಅದರಲ್ಲಿ ಇದ್ದದ್ದು ಕನ್ನಡ ಮತ್ತು ಹಿಂದಿಯ ಭಕ್ತಿಗೀತೆಗಳು. ಆಗ ಬಿಡಿ ಬಿಡಿ ಹಾಡಿನ ತಟ್ಟೆಗಳಿದ್ದವು, ಇಂದಿನ ಅರ್ಥದ ಆಲ್ಬಂ ಇರಲಿಲ್ಲ.

1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ಎಲ್.ಪಿ. ತಂದಿತು. ಒಂದೊಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಜಾಗ ಸಿಕ್ಕಿ ವಿಲಂಬಿತ ಖಯಾಲು ಉಸಿರಾಡತೊಡಗಿತು. ಹೊರಗಿನ ರಟ್ಟಿನ ಬೆನ್ನ ಮೇಲಿನ ಬರಹ ಎಷ್ಟೋ ಕೇಳುಗರಿಗೆ ರಾಗದ ಮೊದಲ ಪಾಠವಾಯಿತು. ಆ ಬರಹವನ್ನು ಬರೆಸುತ್ತಿದ್ದದ್ದು ಕಂಪನಿಯೇ, ಆದ್ದರಿಂದ ಅದರಲ್ಲಿ ಹೊಗಳಿಕೆಯಿತ್ತು, ವಿಮರ್ಶೆ ಇರಲಿಲ್ಲ. ಆಮೇಲೆ ಬಂದದ್ದು ಕ್ಯಾಸೆಟ್ಟು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಆಲ್ಬಂ ಆಗಿ ಹೊರಬಂತು. ಕ್ಯಾಸೆಟ್ ಅಗ್ಗವಾಗಿತ್ತು. ಯಾರು ಬೇಕಾದರೂ ಮಾಡಬಹುದಿತ್ತು, ಎಲ್ಲಿ ಬೇಕಾದರೂ ಮಾರಬಹುದಿತ್ತು. ಕ್ಯಾಸೆಟ್ಟಿನಿಂದಾಗಿ ಉತ್ತರ ಭಾರತದ ಪ್ರಾದೇಶಿಕ, ಭಕ್ತಿ, ಜಾನಪದ ಹಾಡುಗಳು ದೊಡ್ಡ ಕಂಪನಿಗಳ ಹಿಡಿತದಿಂದ ಹೇಗೆ ಹೊರಬಂದವು ಎಂಬುದನ್ನು ಪೀಟರ್ ಮ್ಯಾನ್ಯುಅಲ್ ತಮ್ಮ 1993ರ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಕರಾವಳಿಯಿಂದ ಬೊಂಬಾಯಿಗೆ ಬಂದವರ ಟ್ರಂಕಿನಲ್ಲಿ ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಪದಗಳ ಕ್ಯಾಸೆಟ್ ಇದ್ದದ್ದು ಆ ಕಾಲದಲ್ಲಿಯೇ.

ಮುಂಬಯಿಯ ಕಾಲಾ ಘೋಡಾದಲ್ಲಿದ್ದ ರಿದಮ್ ಹೌಸ್ ಅಂಗಡಿ 2016ರಲ್ಲಿ ಮುಚ್ಚಿತು. 2019ರ ಫೆಬ್ರವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. ಅಂಗಡಿಗೆ ಹೋಗಿ ಆರಿಸಿ ಕೊಳ್ಳುವ ಆಲ್ಬಂ ಹೋಗಿ, ಫೋನಿನೊಳಗೆ ಒಂದಾದ ಮೇಲೊಂದು ತಾನೇ ಬರುವ ಹಾಡಿನ ಸಾಲು ಉಳಿಯಿತು. ಇಷ್ಟು ಹೇಳಿದ್ದಕ್ಕೆ ಕಾರಣವಿದೆ: ವಿಮರ್ಶೆಯ ಪ್ರತಿಯೊಂದು ಪಂಥವೂ ಒಂದೊಂದು ಯಂತ್ರದ ಕಾಲದಲ್ಲಿ ಹುಟ್ಟಿದೆ. ಯಂತ್ರ ಬದಲಾದ ಮೇಲೂ ಪಂಥದ ಅಭ್ಯಾಸಗಳು ಉಳಿದುಕೊಂಡಿವೆ.

ಅಂಕ ಕೊಡುವವರು

ಮೊದಲನೆಯ ಪಂಥ ಕೊಳ್ಳುವವರ ಪರ. 1923ರಲ್ಲಿ ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿ ಇಂಗ್ಲೆಂಡಿನಲ್ಲಿ ‘ಗ್ರಾಮಫೋನ್’ ಪತ್ರಿಕೆ ಆರಂಭಿಸಿದಾಗ ಅದರ ಕೆಲಸ ಸರಳವಾಗಿತ್ತು: ತಟ್ಟೆ ದುಬಾರಿ, ದುಡ್ಡು ಕಡಿಮೆ, ಯಾವುದನ್ನು ಕೊಳ್ಳಬೇಕು ಎಂದು ಹೇಳು. 1969ರಲ್ಲಿ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ನಲ್ಲಿ ರಾಬರ್ಟ್ ಕ್ರಿಸ್ಟ್‌ಗೌ ಶಾಲೆಯ ಮೇಷ್ಟರ ಹಾಗೆ ಎ, ಬಿ, ಸಿ ದರ್ಜೆ ಹಾಕತೊಡಗಿದರು. ಒಂದೊಂದು ಆಲ್ಬಂಗೆ ನಾಲ್ಕೈದು ಸಾಲು, ಕೊನೆಗೊಂದು ಅಕ್ಷರ. 1996ರಲ್ಲಿ ಶುರುವಾದ ‘ಪಿಚ್‌ಫೋರ್ಕ್’ ಸೊನ್ನೆಯಿಂದ ಹತ್ತರವರೆಗೆ ದಶಮಾಂಶದ ಅಂಕ ಕೊಟ್ಟು ಇಡೀ ಒಂದು ಪೀಳಿಗೆಯ ರುಚಿಯನ್ನು ತಿದ್ದಿತು.

ಈ ಪಂಥದ ಗುಣವನ್ನು ಮರೆಯಬಾರದು. ಅದು ಓದುಗನ ಸಮಯಕ್ಕೆ ಬೆಲೆ ಕೊಡುತ್ತದೆ, ನುಣುಚಿಕೊಳ್ಳದೆ ತೀರ್ಪು ಹೇಳುತ್ತದೆ. ಆದರೆ ಅಂಕ ಗಟ್ಟಿಯಾದ ವಸ್ತುವಲ್ಲ. ಲಿಜ್ ಫೇರ್ ಎಂಬ ಗಾಯಕಿಯ 2003ರ ಆಲ್ಬಂಗೆ ಪಿಚ್‌ಫೋರ್ಕ್ ಸೊನ್ನೆ ಕೊಟ್ಟಿತ್ತು. 2021ರಲ್ಲಿ ತನ್ನ ಹಳೆಯ ತೀರ್ಪುಗಳನ್ನು ಮರುಪರಿಶೀಲಿಸಿದಾಗ ಅದೇ ಆಲ್ಬಂಗೆ ಆರು ಕೊಟ್ಟಿತು. ಹಾಡುಗಳಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. 2024ರ ಜನವರಿಯಲ್ಲಿ ಪಿಚ್‌ಫೋರ್ಕನ್ನು ಅದರ ಒಡೆಯರು ‘ಜಿಕ್ಯೂ’ ಎಂಬ ಗಂಡಸರ ಫ್ಯಾಷನ್ ಪತ್ರಿಕೆಯೊಳಗೆ ಸೇರಿಸಿದರು. ತಿಂಗಳ ಚಂದಾ ಕೊಟ್ಟರೆ, ಅಥವಾ ಜಾಹೀರಾತು ಸಹಿಸಿಕೊಂಡರೆ, ಎಲ್ಲ ಹಾಡೂ ಸಿಗುವ ಕಾಲದಲ್ಲಿ ‘ಕೊಳ್ಳಬೇಕೇ ಬೇಡವೇ’ ಎಂಬ ಪ್ರಶ್ನೆಯೇ ಸತ್ತುಹೋಗಿದೆ. ಅಂಕಕ್ಕೆ ಇದ್ದ ಮೂಲ ಕಾರಣವೂ ಅದರೊಂದಿಗೆ ಹೋಯಿತು.

ಜನಪ್ರಿಯತೆಯೇ ತೀರ್ಪು ಎನ್ನುವವರು ಈ ಪಂಥದ ನೆರೆಯವರು. 1952ರಲ್ಲಿ ರೇಡಿಯೊ ಸಿಲೋನಿನಲ್ಲಿ ಶುರುವಾದ ಬಿನಾಕಾ ಗೀತ್‌ಮಾಲಾದ ಜನಪ್ರಿಯ ಹಾಡುಗಳ ಪಟ್ಟಿಯಿಂದ ಇಂದಿನ ವೀಕ್ಷಣೆಯ ಲೆಕ್ಕದವರೆಗೆ ಅವರದು ಒಂದೇ ದಾರಿ. ಎಷ್ಟು ಜನ ಕೇಳಿದರು ಎಂಬುದು ಒಂದು ಸುದ್ದಿ. ಏನನ್ನು ಕೇಳಿದರು, ಯಾಕೆ ಹಿಡಿಸಿತು ಎಂಬುದು ವಿಮರ್ಶೆಯ ಕೆಲಸ, ಅದನ್ನು ಲೆಕ್ಕ ಹೇಳಲಾರದು.

ನಾದವನ್ನೇ ನೋಡು ಎನ್ನುವವರು

ಎರಡನೆಯ ಪಂಥ ಅಂಕದ ಗೊಡವೆಗೆ ಹೋಗುವುದಿಲ್ಲ. ವಿಯೆನ್ನಾದ ವಿಮರ್ಶಕ ಎಡ್ವರ್ಡ್ ಹಾನ್‌ಸ್ಲಿಕ್ 1854ರಲ್ಲಿಯೇ ಸಂಗೀತದ ಚೆಲುವು ನಾದದ ರೂಪದಲ್ಲಿದೆ, ಅದು ಎಬ್ಬಿಸುವ ಭಾವನೆಯಲ್ಲಿಲ್ಲ ಎಂದು ವಾದಿಸಿದ್ದರು. ನಮ್ಮ ನೆಲದಲ್ಲಿ ಇದಕ್ಕೆ ಸಮೀಪದ, ಆದರೆ ಹೆಚ್ಚು ಸೂಕ್ಷ್ಮವಾದ ಪ್ರಯತ್ನ ಮಾಡಿದವರು ಮುಂಬಯಿಯ ವಾಮನರಾವ್ ದೇಶಪಾಂಡೆ. ವೃತ್ತಿಯಿಂದ ಲೆಕ್ಕಪರಿಶೋಧಕರಾಗಿದ್ದ ಅವರು 1961ರ ಮರಾಠಿ ಪುಸ್ತಕ ‘ಘರಾಂದಾಜ್ ಗಾಯಕಿ’ಯಲ್ಲಿ ಘರಾಣೆಗಳನ್ನೆಲ್ಲ, ಅಂದರೆ ಹಿಂದೂಸ್ತಾನಿ ಗಾಯನದ ಮನೆತನಗಳನ್ನೆಲ್ಲ, ಸ್ವರ ಮತ್ತು ಲಯ ಎಂಬ ಎರಡು ತುದಿಗಳ ನಡುವೆ ಜೋಡಿಸಿ ತೋರಿಸಿದರು. ಕಿರಾಣಾ ಸ್ವರದ ಕಡೆಗೆ, ಆಗ್ರಾ ಲಯದ ಕಡೆಗೆ, ಜೈಪುರ ಎರಡರ ಸಮತೋಲನದಲ್ಲಿ. ನಮಗೆ ಅರ್ಥವಾಗುವಂತೆ ಹೇಳುವುದಾದರೆ ಗಂಗೂಬಾಯಿ ಮತ್ತು ಭೀಮಸೇನರ ಕಿರಾಣಾ ಮನೆ ಒಂದು ಕಡೆ, ಮಲ್ಲಿಕಾರ್ಜುನ ಮನಸೂರರ ಜೈಪುರ ಮನೆ ನಡುವೆ.

ಒಂದೇ ಮಾತಿನಲ್ಲಿ ಹಲವು ಶೈಲಿಗಳನ್ನು ಹೋಲಿಸಲು ಸಾಧ್ಯ ಎಂದು ತೋರಿಸಿದ ಪುಸ್ತಕ ಅದು. ಅಷ್ಟೇ ಸ್ಪಷ್ಟವಾಗಿ ಅದರ ಮಿತಿಯೂ ಕಾಣುತ್ತದೆ: ಅಳತೆ ಮಾಡಿದವರಿಗೆ ಪ್ರಿಯವಾದ ಜೈಪುರ ಘರಾಣೆಯೇ ಅಳತೆಯ ನಟ್ಟನಡುವೆ ಬಂದು ಕುಳಿತಿದೆ. ನಾದವನ್ನು ಮಾತ್ರ ನೋಡುತ್ತೇನೆ ಎನ್ನುವವನ ಕಿವಿಯೂ ಯಾವುದೋ ಒಂದು ಮನೆಯಲ್ಲಿ ಬೆಳೆದ ಕಿವಿ.

ಇಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ, ಅದರ ಬಗ್ಗೆ ಸಾಕಷ್ಟು ಚರ್ಚೆಯಾಗಿಲ್ಲ. ತಮಿಳಿನ ‘ಆನಂದ ವಿಕಟನ್’ ಪತ್ರಿಕೆಯಲ್ಲಿ ಬರೆದ ಕಲ್ಕಿ, ದಿಲ್ಲಿಯ ಸುಬ್ಬುಡು, ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ದಶಕಗಳ ಕಾಲ ಬರೆದು ಭೀಮಸೇನ ಜೋಶಿಯವರ ಜೀವನಚರಿತ್ರೆಯನ್ನೂ ಕೊಟ್ಟ ಮೋಹನ್ ನಾಡಕರ್ಣಿ ಮುಂತಾದ ನಮ್ಮ ದೊಡ್ಡ ಸಂಗೀತ ವಿಮರ್ಶಕರ ಹೆಸರು ನಿಂತದ್ದು ಮುಖ್ಯವಾಗಿ ಕಛೇರಿಯ ವಿಮರ್ಶೆಯ ಮೇಲೆ. ಶಾಸ್ತ್ರೀಯ ಸಂಗೀತದಲ್ಲಿ ಬೈಠಕ್ಕೇ ಮೂಲ, ಮುದ್ರಿಕೆ ಅದರ ನೆರಳು. ಸಿನಿಮಾ ಹಾಡಿನಲ್ಲಿ ಮತ್ತು ರ‍್ಯಾಪಿನಲ್ಲಿ ಇದು ಬುಡಮೇಲು: ಸ್ಟುಡಿಯೊದಲ್ಲಿ ತಯಾರಾದ ಮುದ್ರಿಕೆಯೇ ಮೂಲ, ವೇದಿಕೆಯದು ಅದರ ನೆನಪು. ಹಾಗಾಗಿ ಖಯಾಲಿನ ಆಲ್ಬಂ ಕೇಳುವಾಗ ‘ಈ ಕಲಾವಿದೆ ಬೈಠಕ್ಕಿನಲ್ಲಿ ಇದಕ್ಕಿಂತ ಮುಂದೆ ಹೋಗುತ್ತಾರೆಯೇ’ ಎಂದು ಕೇಳುವುದು ನ್ಯಾಯ. ರ‍್ಯಾಪ್ ಆಲ್ಬಂ ಕೇಳುವಾಗ ಆ ಪ್ರಶ್ನೆ ಅಷ್ಟಾಗಿ ಸಲ್ಲುವುದಿಲ್ಲ. ಬೀಟ್ ಮಾಡಿದವರು ಯಾರು, ಧ್ವನಿ ಬೆರೆಸಿದವರು ಯಾರು, ಮೌನವನ್ನು ಎಲ್ಲಿ ಬಿಟ್ಟಿದ್ದಾರೆ ಎಂಬುದೇ ಅಲ್ಲಿ ಪ್ರಶ್ನೆ. ಅಳತೆಗೋಲು ಬದಲಾಗಬೇಕಾದದ್ದು ಮೊದಲು ಇಲ್ಲಿ, ಪ್ರಕಾರದ ಹೆಸರಿನಲ್ಲಿ ಅಲ್ಲ.

ಸಿನಿಮಾ ಆಲ್ಬಂ ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದೆ. 2020ರಲ್ಲಿ ಫಿಲ್ಮ್‌ಫೇರ್ ಸಂಗೀತ ನಿರ್ದೇಶನದ ಪ್ರಶಸ್ತಿ ‘ಕಬೀರ್ ಸಿಂಗ್’ ಮತ್ತು ‘ಗಲ್ಲಿ ಬಾಯ್’ ಚಿತ್ರಗಳ ನಡುವೆ ಹಂಚಿಹೋಯಿತು. ಮೊದಲನೆಯದರಲ್ಲಿ ಹಲವು ಸಂಗೀತಗಾರರ ಹೆಸರು. ಎರಡನೆಯದರಲ್ಲಿ ಪ್ರಶಸ್ತಿ ಪಡೆದವರು ನಿರ್ದೇಶಕಿ ಝೋಯಾ ಅಖ್ತರ್ ಮತ್ತು ಅಂಕುರ್ ತಿವಾರಿ. ಹತ್ತಾರು ಕಲಾವಿದರ ಕೆಲಸವನ್ನು ಆರಿಸಿ ಕೂಡಿಸಿದ್ದೇ ಅವರ ಮುಖ್ಯ ಸಾಧನೆ. ಒಂದು ಆಲ್ಬಂಗೆ ಒಬ್ಬ ಕರ್ತೃ ಎಂಬ ಎಣಿಕೆ ನಿಲ್ಲುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗಲ್ಲಿಯನ್ನು ಕೇಳು ಎನ್ನುವವರು

ಮೂರನೆಯ ಪಂಥದ ಪ್ರಕಾರ ಹಾಡನ್ನು ಅದು ಹುಟ್ಟಿದ ಜಾಗದಿಂದ ಬಿಡಿಸಿ ನೋಡಲಾಗದು. ನೇಝಿಯ ಕಥೆ ಈ ವಾದಕ್ಕೆ ಹೇಳಿ ಮಾಡಿಸಿದಂತಿದೆ. ‘ಆಫತ್’ ಹಾಡನ್ನು ಅವನು ಮುದ್ರಿಸಿದ್ದು, ಚಿತ್ರೀಕರಿಸಿದ್ದು, ಜೋಡಿಸಿದ್ದು ಐಪ್ಯಾಡಿನಲ್ಲಿ. ಅವನ ಬಗ್ಗೆ ‘ಬಾಂಬೆ 70’ ಎಂಬ ಕಿರುಚಿತ್ರ ಬಂತು. ಅಂಧೇರಿಯ ರ‍್ಯಾಪರ್ ಡಿವೈನ್ ಜೊತೆ ಹಾಡಿದ ‘ಮೇರೆ ಗಲ್ಲಿ ಮೇ’ 2015ರಲ್ಲಿ ಬಂತು, 2019ರ ‘ಗಲ್ಲಿ ಬಾಯ್’ ಸಿನಿಮಾಕ್ಕೂ ಹೋಯಿತು. ಅವನ ಮೊದಲ ಪೂರ್ಣ ಆಲ್ಬಂ ‘ಮಗ್ರಿಬ್’ ಬಂದದ್ದು ಮಾತ್ರ 2020ರಲ್ಲಿ. ಅಷ್ಟರೊಳಗೆ ಕುರ್ಲಾದ ಗಲ್ಲಿ, ಬಡತನ, ಪೊಲೀಸರ ಕಾಟ, ಚಾಳಿನ ಬದುಕು ಎಲ್ಲವೂ ಪತ್ರಿಕೆಗಳಿಗೆ ಪರಿಚಿತ ಕಥೆಯಾಗಿಬಿಟ್ಟಿದ್ದವು.

ಈ ಪಂಥ ವಿವರಿಸುವುದು ಬಹಳ. ಬಂಬಯ್ಯಾ ಹಿಂದಿಯ ಒರಟು ಪದದ ಪಕ್ಕದಲ್ಲಿ ಉರ್ದುವಿನ ನಯವಾದ ಪದ ಬಂದು ಕೂರುವುದೇಕೆ, ದೊಡ್ಡ ಸ್ಟುಡಿಯೊ ಸಿಗದವನ ಹಾಡು ಆ ರೂಪ ತಾಳುವುದೇಕೆ ಎಂಬುದು ಊರು ಗೊತ್ತಿಲ್ಲದವರಿಗೆ ತಿಳಿಯದು. ಭೀಮಗೀತೆಗಳ ವಿಷಯದಲ್ಲಂತೂ ಇದು ಇನ್ನೂ ನಿಜ. ವಾಮನದಾದಾ ಕರ್ಡಕ್, ವಿಠ್ಠಲ್ ಉಮಪ್, ಪ್ರಹ್ಲಾದ್ ಶಿಂದೆ ಇವರ ಹಾಡುಗಳು ಅಂಬೇಡ್ಕರರು ತೀರಿಕೊಂಡ ದಿನವಾದ ಡಿಸೆಂಬರ್ 6ರಂದು ದಾದರಿನ ಚೈತ್ಯಭೂಮಿಗೆ ಬರುವ ಲಕ್ಷಾಂತರ ಜನರ ಬಾಯಲ್ಲಿವೆ. ಅಲ್ಲಿನ ಮಳಿಗೆಗಳಲ್ಲಿ ಮಾರಾಟವಾಗುವ ಹಾಡುಗಳನ್ನು ‘ಹೊಸ ಬಿಡುಗಡೆ’ ಎಂದು ಎಣಿಸಿ ವಿಮರ್ಶೆ ಬರೆದ ಪತ್ರಿಕೆಯನ್ನು ನಾನು ಕಂಡಿಲ್ಲ. 1997ರಲ್ಲಿ ರಮಾಬಾಯಿ ನಗರದಲ್ಲಿ ಪೊಲೀಸ್ ಗೋಲಿಬಾರ್ ನಡೆದ ಬಳಿಕ ಶಾಹಿರ್ (ಜನಕವಿ, ಗಾಯಕ) ವಿಲಾಸ್ ಘೋಗ್ರೆ ಪ್ರಾಣ ಕಳೆದುಕೊಂಡರು. ಅವರ ದನಿ ಹೊರಗಿನ ಲೋಕಕ್ಕೆ ಹೆಚ್ಚಾಗಿ ತಲುಪಿದ್ದು ಆನಂದ್ ಪಟವರ್ಧನ್ ಅವರ ‘ಜೈ ಭೀಮ್ ಕಾಮ್ರೇಡ್’ ಸಾಕ್ಷ್ಯಚಿತ್ರದ ಮೂಲಕ, ಸಂಗೀತದ ಪುಟದ ಮೂಲಕ ಅಲ್ಲ. ಇದು ವಿಮರ್ಶೆಯ ದೊಡ್ಡ ಸೋಲು ಎಂದೇ ನಾನು ತಿಳಿಯುತ್ತೇನೆ.

ಅಷ್ಟಾದರೂ ಈ ಪಂಥದಲ್ಲಿ ಒಂದು ಅಪಾಯವಿದೆ. ವಿಮರ್ಶಕ ರ‍್ಯಾಪರನ ಬಡತನವನ್ನು ವಿಮರ್ಶಿಸಿ ಅವನ ಪ್ರಾಸವನ್ನು ಬಿಟ್ಟುಬಿಡುತ್ತಾನೆ. ಗಾಯಕಿಯ ಸಂಕಟಕ್ಕೆ ಮರುಗಿ ಅವಳ ಸ್ವರವನ್ನು ಕೇಳಿಸಿಕೊಳ್ಳುವುದಿಲ್ಲ. ನೇಝಿಯ ಗಲ್ಲಿಯ ಬಗ್ಗೆ ಬಂದ ಬರಹಗಳಿಗೆ ಹೋಲಿಸಿದರೆ, ಅವನ ಅಕ್ಷರ ತಾಳದ ಯಾವ ಪೆಟ್ಟಿನ ಮೇಲೆ ಬೀಳುತ್ತದೆ, ಉಸಿರನ್ನು ಎಲ್ಲಿ ಕದಿಯುತ್ತಾನೆ ಎಂದು ಬರೆದದ್ದು ತೀರ ಕಡಿಮೆ. ಮೆಚ್ಚುಗೆಯ ಹೆಸರಿನಲ್ಲಿ ಇದು ಕಲಾವಿದನಿಗೆ ಮಾಡುವ ಅನ್ಯಾಯ.

ಮೇಲು, ಕೀಳು ಎಂಬ ಜಗಳ

2004ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಕೆಲೆಫಾ ಸಾನೆ ಒಂದು ಲೇಖನ ಬರೆದು, ಗಿಟಾರ್ ಹಿಡಿದು ತನ್ನ ಹಾಡನ್ನು ತಾನೇ ಬರೆಯುವ ರಾಕ್ ಗಾಯಕನನ್ನೇ ಸಂಗೀತದ ಮಾದರಿ ಎಂದು ಹಿಡಿದು ಉಳಿದದ್ದನ್ನೆಲ್ಲ ಕೃತಕ ಎನ್ನುವ ವಿಮರ್ಶೆಯನ್ನು ಪ್ರಶ್ನಿಸಿದರು. ಅಲ್ಲಿಂದ ಮುಂದೆ ಪಾಪ್ ಸಂಗೀತವನ್ನೂ ಅಷ್ಟೇ ಗಂಭೀರವಾಗಿ ಕೇಳಬೇಕು ಎನ್ನುವವರ ಕೈ ಮೇಲಾಯಿತು. ಪ್ರಕಾರದ ಗಡಿ ಕಾಯುವವರೂ ಸುಮ್ಮನಿರಲಿಲ್ಲ. 2019ರಲ್ಲಿ ಲಿಲ್ ನಾಸ್ ಎಕ್ಸ್ ಎಂಬ ಕರಿಯ ಗಾಯಕನ ‘ಓಲ್ಡ್ ಟೌನ್ ರೋಡ್’ ಹಾಡನ್ನು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ತನ್ನ ಕಂಟ್ರಿ ಸಂಗೀತದ ಪಟ್ಟಿಯಿಂದ ತೆಗೆದುಹಾಕಿ ದೊಡ್ಡ ವಿವಾದಕ್ಕೆ ಸಿಲುಕಿತು.

ನಮ್ಮಲ್ಲಿ ಈ ಜಗಳ ಹಳೆಯದು. ಗಾಯಕ ಪಿ. ಕಾಳಿಂಗರಾಯರು ಭಾವಗೀತೆಯನ್ನು ವೇದಿಕೆಗೆ ತಂದಾಗ ಅದು ಸಂಗೀತವೋ ಕವಿತೆಯ ಓದೋ ಎಂಬ ಪ್ರಶ್ನೆ ಇತ್ತು. 2008ರಲ್ಲಿ ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಮುಂಬಯಿಯ ಕಂಪನಿಯಿಂದ ರಘು ದೀಕ್ಷಿತರ ಮೊದಲ ಆಲ್ಬಂ ಬಂದಾಗ ಅದರಲ್ಲಿ ಶಿಶುನಾಳ ಶರೀಫರ ಪದಗಳಿದ್ದವು. ಸಿ. ಅಶ್ವತ್ಥರ ದನಿಯಲ್ಲಿ ಶರೀಫರನ್ನು ಕೇಳಿ ಬೆಳೆದವರಿಗೆ ಅದು ಬೇರೆಯೇ ವಸ್ತು. ಅಶ್ವತ್ಥರಲ್ಲಿ ಪದದ ಒಡಪು ಮುಂದೆ ಬರುತ್ತದೆ, ರಘು ದೀಕ್ಷಿತರಲ್ಲಿ ಪದದ ಕುಣಿತ. ಇವೆರಡಕ್ಕೂ ಮೊದಲು ಧಾರವಾಡ ಕಡೆಯ ಭಜನಾ ಮೇಳಗಳಲ್ಲಿ ಅದೇ ಪದ ಏಕತಾರಿ, ದಮ್ಮಡಿಯ ಜೊತೆ ರಾತ್ರಿಯಿಡೀ ನಡೆಯುತ್ತಿತ್ತು. ಯಾವುದು ನಿಜವಾದ ಶರೀಫ್ ಎಂದು ಕೇಳುವುದಕ್ಕಿಂತ, ಪ್ರತಿಯೊಂದೂ ಪದದಲ್ಲಿ ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟಿತು ಎಂದು ಹೇಳುವುದೇ ವಿಮರ್ಶೆ. ನನಗೆ ರಘು ದೀಕ್ಷಿತರ ಆಲ್ಬಂ ಇಷ್ಟ. ಅದರಲ್ಲಿ ಒಗಟು ಸ್ವಲ್ಪ ಬೇಗ ಬಿಚ್ಚಿಕೊಳ್ಳುತ್ತದೆ ಎಂಬುದೂ ನಿಜ.

ಎಲ್ಲ ಪ್ರಕಾರವೂ ಸಮಾನ ಎಂಬ ನಿಲುವು ಇನ್ನೊಂದು ಹೊಂಡಕ್ಕೆ ಬೀಳುವುದುಂಟು. ಎಲ್ಲವೂ ಚೆನ್ನ ಎಂದ ಮೇಲೆ ಯಾವುದನ್ನೂ ಚೆನ್ನ ಎಂದಂತಾಗಲಿಲ್ಲ. ಕನ್ನಡದ ಉಪಲಬ್ಧ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ ಈ ಹೊಂಡವನ್ನು ಒಂಬತ್ತನೆಯ ಶತಮಾನದಲ್ಲಿಯೇ ದಾಟಿದೆ. ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂದು ಎರಡು ರೀತಿಗಳನ್ನು ಒಪ್ಪಿಕೊಂಡು, ಗುಣಗಳು ಒಂದೊಂದರಲ್ಲೂ ಹೇಗೆ ಬೇರೆಯಾಗಿ ಕಾಣುತ್ತವೆ ಎಂದು ಅದು ವಿವರಿಸುತ್ತದೆ. ದೋಷಗಳನ್ನೂ ಬಿಡದೆ ಹೇಳುತ್ತದೆ. ಬಗೆ ಹಲವು ಎಂದು ಒಪ್ಪಿದವರು ತಪ್ಪು ತೋರಿಸುವ ಹಕ್ಕನ್ನು ಬಿಟ್ಟುಕೊಡಬೇಕಿಲ್ಲ.

ಕನ್ನಡದ ಕಿವಿಗೆ ಇರುವ ಸೌಕರ್ಯ

ಕುರ್ಲಾದ ಹಳಿಯ ಎರಡು ಬದಿಗಳನ್ನು ಒಟ್ಟಿಗೆ ಕೇಳಬಲ್ಲ ವಿಮರ್ಶಕರು ಬೇಕಾದರೆ ಅವರು ಕನ್ನಡದಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಹಳಗನ್ನಡ ಕಾವ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕೆಂಬ ಕಟ್ಟುನಿಟ್ಟಿನಲ್ಲಿ ನೂರಾರು ವರ್ಷ ನಡೆದ ಭಾಷೆ ನಮ್ಮದು. ಮಂಜೇಶ್ವರದ ಗೋವಿಂದ ಪೈಗಳು ಆ ಪ್ರಾಸವನ್ನು ಬಿಟ್ಟಾಗ ಎದ್ದ ಗದ್ದಲ ಸಾಹಿತ್ಯ ಚರಿತ್ರೆಯ ಭಾಗ. ಪ್ರಾಸ ಎಲ್ಲಿ ಅರ್ಥವನ್ನು ಹೊತ್ತು ನಡೆಯುತ್ತದೆ, ಎಲ್ಲಿ ಬರಿಯ ಸದ್ದಾಗುತ್ತದೆ ಎಂದು ವಾದಿಸಿದ ಜನ ರ‍್ಯಾಪಿನ ಎದುರು ತಬ್ಬಿಬ್ಬಾಗಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿ ಎದುರಾಳಿಯ ಮಾತನ್ನೇ ಹಿಡಿದು ಸ್ಥಳದಲ್ಲೇ ಉತ್ತರ ಕಟ್ಟುವುದನ್ನು ಬಂಟರ ಭವನದ ಪ್ರೇಕ್ಷಕರು ಬಲ್ಲರು. ಹಳಿಯ ಆಚೆ ಇಬ್ಬರು ರ‍್ಯಾಪರರು ಎದುರುಬದುರು ನಿಂತು ನಡೆಸುವ ಮಾತಿನ ಕಾಳಗ ಅದರ ದೂರದ ನೆಂಟ. ವ್ಯತ್ಯಾಸವೂ ಮುಖ್ಯ: ಅರ್ಥಧಾರಿ ಕೃಷ್ಣನಾಗಿಯೋ ಕರ್ಣನಾಗಿಯೋ ಮಾತಾಡುತ್ತಾನೆ, ಪ್ರಸಂಗದ ಪದ್ಯ ಅವನನ್ನು ಕಟ್ಟಿಹಾಕುತ್ತದೆ. ರ‍್ಯಾಪರ್ ತಾನಾಗಿಯೇ ಮಾತಾಡುತ್ತಾನೆ, ಅಥವಾ ಹಾಗೆಂದು ನಂಬಿಸುತ್ತಾನೆ. ಈ ಬಗೆಯ ಹೋಲಿಕೆಯಿಂದ ಎರಡೂ ಕಲೆಗಳು ಇನ್ನಷ್ಟು ಸ್ಪಷ್ಟವಾಗುತ್ತವೆ. ಒಂದೇ ಪುಟದಲ್ಲಿ ಹಲವು ಪ್ರಕಾರಗಳನ್ನು ಇಡುವುದರ ಲಾಭ ಇದೇ.

ಇಷ್ಟಿದ್ದೂ ಕನ್ನಡದಲ್ಲಿ ಆಲ್ಬಂ ವಿಮರ್ಶೆ ಬೆಳೆಯಲಿಲ್ಲ. ಪುಸ್ತಕಕ್ಕೆ ನಮ್ಮಲ್ಲಿ ವಿಮರ್ಶೆ ಇದೆ, ಕೊನೆಗೆ ‘ಸಾದರ ಸ್ವೀಕಾರ’ವಾದರೂ ಇದೆ. ಧ್ವನಿಸುರುಳಿಗೆ ಇರುವುದು ಬಿಡುಗಡೆ ಸಮಾರಂಭದ ವರದಿ: ದೀಪ ಬೆಳಗಿಸಿದವರು, ಅಧ್ಯಕ್ಷತೆ ವಹಿಸಿದವರು, ವಂದನಾರ್ಪಣೆ. ಒಳಗಿನ ಹಾಡು ಹೇಗಿತ್ತು ಎಂಬುದಕ್ಕೆ ಸಾಲಿಲ್ಲ. ಹೊರನಾಡಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಬರೆದವರೂ ಹಾಡಿದವರೂ ಮುಂದಿನ ಭಾನುವಾರ ಅದೇ ಸಭಾಗೃಹದ ಊಟದ ಪಂಕ್ತಿಯಲ್ಲಿ ಎದುರಾಗುತ್ತಾರೆ. ಈ ಮುಜುಗರ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಯಕ್ಷಗಾನದ ಪ್ರೇಕ್ಷಕ ಚೌಕಿಯ ಹೊರಗೆ ನಿಂತು ಭಾಗವತರ ತಾಳ ತಪ್ಪಿದ್ದನ್ನು ನಿರ್ದಾಕ್ಷಿಣ್ಯವಾಗಿ ಹೇಳುತ್ತಾನೆ. ಆ ಮಾತಿಗೆ ಅಚ್ಚಿನಲ್ಲಿ ಜಾಗ ಸಿಗಲಿಲ್ಲ, ಅಷ್ಟೆ.

ತೀರ್ಮಾನವಾಗದೆ ಉಳಿದವು

ವಿಮರ್ಶೆಯ ಘಟಕ ಯಾವುದು ಎಂಬುದೇ ಇಂದು ಗಟ್ಟಿಯಾಗಿಲ್ಲ. ಆಲ್ಬಂ ಎಂಬುದು ಎಲ್.ಪಿ.ಯ ಎರಡು ಮಗ್ಗುಲಿನಿಂದ ಹುಟ್ಟಿದ ರೂಪ. ವಾರಕ್ಕೊಂದು ಬಿಡಿ ಹಾಡು ಬಿಟ್ಟು ವರ್ಷದ ಕೊನೆಗೆ ಅದನ್ನೇ ಆಲ್ಬಂ ಎಂದು ಕಟ್ಟಿ ಕೊಟ್ಟರೆ, ಹಾಡುಗಳ ಕ್ರಮಕ್ಕೆ, ಒಟ್ಟಂದಕ್ಕೆ ಬೆಲೆ ಕಟ್ಟುವುದು ಹೇಗೆ? ಸಮಯದ ಪ್ರಶ್ನೆಯೂ ಹಾಗೆಯೇ. ಮಧ್ಯರಾತ್ರಿ ಬಿಡುಗಡೆಯಾದ ಆಲ್ಬಂಗೆ ಬೆಳಿಗ್ಗೆಯೇ ತೀರ್ಪು ಬರೆಯುವ ಅವಸರದಲ್ಲಿ ರಾಗವೊಂದು ಕಿವಿಯೊಳಗೆ ಇಳಿಯುವುದಿಲ್ಲ. ತಿಂಗಳು ಬಿಟ್ಟು ಬರೆದರೆ ಓದುವವರಿರುತ್ತಾರೆಯೇ ಎಂಬುದಕ್ಕೆ ಸಂಪಾದಕರಲ್ಲಿ ಒಮ್ಮತವಿಲ್ಲ.

ಭಜನೆ, ಪ್ರವಾದಿಯನ್ನು ಸ್ತುತಿಸುವ ನಾತ್, ಭೀಮಗೀತೆಗಳ ವಿಷಯದಲ್ಲಿ ಕಷ್ಟ ಇನ್ನೂ ಆಳವಾದದ್ದು. ಅವು ಜನ ಕೂಡಿ ಹಾಡಲೆಂದು ಇರುವ ಹಾಡುಗಳು. ಗಾಯಕನ ಶ್ರುತಿ ಸ್ವಲ್ಪ ಜಾರಿದರೂ ನೂರು ಜನ ದನಿಗೂಡಿಸಿದರೆ ಆ ಹಾಡು ಗೆದ್ದಂತೆಯೇ? ನಾದದ ಪಂಥ ಇಲ್ಲ ಎನ್ನುತ್ತದೆ, ಗಲ್ಲಿಯ ಪಂಥ ಹೌದು ಎನ್ನುತ್ತದೆ. ನಾನು ಎರಡನೆಯದರ ಕಡೆಗೆ ವಾಲುತ್ತೇನೆ, ಆದರೆ ಮೊದಲನೆಯದನ್ನು ಖಂಡಿಸುವ ವಾದ ನನ್ನಲ್ಲಿಲ್ಲ. ಹೊಸಬರ ಮೊದಲ ಆಲ್ಬಂ ಬಗ್ಗೆ ಎಷ್ಟು ಕಠಿಣವಾಗಿರಬೇಕು ಎಂಬುದೂ ಬಗೆಹರಿದಿಲ್ಲ. ಯಂತ್ರವೇ ಹಾಡು ಕಟ್ಟಿ, ದನಿಯನ್ನೂ ಹುಟ್ಟಿಸುವ ಕಾಲದಲ್ಲಿ ಯಾರ ಕೆಲಸವನ್ನು ವಿಮರ್ಶಿಸುತ್ತಿದ್ದೇವೆ ಎಂಬ ಪ್ರಶ್ನೆ ಈಗಷ್ಟೇ ಬಾಗಿಲಿಗೆ ಬಂದಿದೆ.

ಎಲ್ಲವನ್ನೂ ಒಬ್ಬರೇ ಕೇಳಬೇಕೇ, ಒಂದೊಂದಕ್ಕೆ ಒಬ್ಬೊಬ್ಬ ಬಲ್ಲವರು ಬೇಕೇ? ಖಯಾಲನ್ನು ಬಲ್ಲವರು ಖಯಾಲಿಗೆ, ರ‍್ಯಾಪನ್ನು ಬಲ್ಲವರು ರ‍್ಯಾಪಿಗೆ ಎಂದರೆ ಆಳ ಸಿಗುತ್ತದೆ, ಹಳಿಯ ಎರಡು ಕಡೆಯವರು ಪರಸ್ಪರರನ್ನು ಕೇಳುವ ಅವಕಾಶ ತಪ್ಪುತ್ತದೆ. ನನ್ನ ಸಲಹೆ ಇಷ್ಟು: ಬಲ್ಲವರು ಮೊದಲು ಬರೆಯಲಿ, ಅದೇ ಆಲ್ಬಂ ಬಗ್ಗೆ ಬೇರೆ ಪ್ರಕಾರದವರೊಬ್ಬರು ನಾಲ್ಕು ಸಾಲು ಸೇರಿಸಲಿ. ಮುಂಬಯಿಯ ಕನ್ನಡ ಪತ್ರಿಕೆಗಳ ಸಂಪಾದಕರು ತಿಂಗಳಿಗೆ ಅರ್ಧ ಪುಟ ಇದಕ್ಕೆ ಮೀಸಲಿಡಬೇಕೆಂದು ಕೇಳಿಕೊಳ್ಳುತ್ತೇನೆ. ಅಂಕ ಬೇಡ, ಸಮಾರಂಭದ ಫೋಟೋ ಬೇಡ. ಒಂದು ಯಕ್ಷಗಾನದ ಮುದ್ರಿಕೆ, ಒಂದು ಖಯಾಲು, ಒಂದು ಭೀಮಗೀತೆ, ಕುರ್ಲಾದ ಗಲ್ಲಿಯ ಒಂದು ರ‍್ಯಾಪ್ ಆಲ್ಬಂ ಮೊದಲ ಕಂತಿಗೆ ಸಾಕು.